ಬಿಸಿಲು ಕಾಣದ ಬಾಟ್ಲಿ

ಮುಸಾಫಿರ ಬಂಗ್ಲೆ ಕಾಯೋ ನೌಕರಿ ಅಂದ್ರ ಬೇವಿನ ನೆರಳಾಗ ಹೊರಸು ಹಾಕ್ಕೊಂಡು ಮಲಗೋ ನೌಕರಿ ಅಂತ ಊರ ಮಂದಿ ತಿಳಕೊಂಡಿದ್ರು. ನಿಜಾಮರ ಕಾಲದಾಗ ಹದಿನಾಲ್ಕು ವರ್ಷ ಹುಮನಾಬಾದಿನ ಬಂಗ್ಲೆ ಕಾದವ ನಾ. ಮಲಗೋದು ಒತ್ತಟ್ಟಿಗಿರಲಿ, ಕುಂದ್ರಾಕ ಸೈತ ಪುರಸೊತ್ತು ಇರಲಿಲ್ಲ. ಸೋಲಾಪುರದಿಂದ ಹೈದರಾಬಾದಕ್ಕ ಹೋಗೋ ಸಡಕು ಬಾಗಿಲ ಮುಂದೇ ಹಾದು ಹೋಗ್ತಿತ್ತು. ದಿನಾ ಯಾರರೆ ಬರೋರು, ಏನರೆ ಒಂದು ಆಗೋದು. ನಗೋ ಹಾಂಗಿರಲಿಲ್ಲ, ಸಾಹೇಬರ ಮುಂದ ಚೌಕಿದಾರ ನಕ್ರ ನೌಕರಿಗೇ ಕುತ್ತು. ಹಾಂಗ ನುಂಗಿಟ್ಟ ನಗು ನನ್ನ ಹೊಟ್ಟ್ಯಾಗ ಭಾಳ ಅದ. ಅದರಾಗೂ ಒಂದು ಬಾಟ್ಲಿ ಸಲುವಾಗಿ ನುಂಗಿದ್ದೇ ಹೆಚ್ಚಿಗಿ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾ ಕೊರಳಾಗ ಲಿಂಗ ಕಟ್ಟಿಕೊಂಡವ, ಶರಾಬು ಬಾಯಿಗೆ ಹಚ್ಚಿದವ ಅಲ್ಲ. ಬಂಗ್ಲೆದಾಗ ಅಡಗಿ ಮಾಡೋ ಖಾನ್‌ಸಾಮಾ ಇದ್ದ, ಎಲ್ಲಾರೂ ಚಾಚಾ ಅಂತಿದ್ವಿ. ಅವ ಐದು ಹೊತ್ತಿನ ನಮಾಜು ತಪ್ಪಿಸದ ಮನುಷ್ಯಾ. ಇಂಥ ನಮ್ಮಿಬ್ಬರನ್ನ ಹುಡುಕಿಕೊಂಡು ಚಳಿ ದೇಶದ ಕೆಂಪು ಶರಾಬು ಹುಮನಾಬಾದಿಗೆ ಬಂತು.

ಮೂಸಿ ನೋಡಿದ್ದು ತಪ್ಪಾಯ್ತು

ಹುಮನಾಬಾದದಿಂದ ಕಲ್ಯಾಣಕ್ಕ ಹೋಗೋ ಹಾದ್ಯಾಗ ಒಂದು ಹಳ್ಳಕ್ಕ ಸೇತುವೆ ಕಟ್ಟಾಕ ಬಿಳಿ ಇಂಜಿನಿಯರ್ ಸಾಹೇಬ್ರು ಒಬ್ಬರು ಬಂದ್ರು. ಈಗ ಬಸವಕಲ್ಯಾಣ ಅಂತಾರಲ್ಲ, ಆಗ ನಮಗ ಅದು ಬರೇ ಕಲ್ಯಾಣ. ಸಾಹೇಬ್ರು ಇಂಗ್ಲಿಷಿನವರಲ್ಲ, ಹಿಮ ಬೀಳೋ ಗುಡ್ಡದ ಸೀಮಿಯವರು. ಹಿಂದೂಸ್ತಾನಿ ಕಲ್ತಿದ್ರು, ನಮ್ಮ ಮಾತೂ ಅರ್ಧಾಮರ್ಧಾ ತಿಳೀತಿತ್ತು. ಅವರ ತಮ್ಮ ಅಲ್ಲೇ ಗುಡ್ಡದ ಮ್ಯಾಲ ದ್ರಾಕ್ಷಿ ತ್ವಾಟ ಇಟ್ಟಿದ್ದ, ತಾನೇ ಶರಾಬು ಇಳಸ್ತಿದ್ದ. ವರ್ಷಕ್ಕೊಮ್ಮೆ ಕಟಗಿ ಪೆಟಗಿಯೊಳಗ ಹುಲ್ಲು ತುಂಬಿ ಹನ್ನೆರಡು ಬಾಟ್ಲಿ ಅಣ್ಣಗ ಕಳಸ್ತಿದ್ದ. ಹಡಗಿನಾಗ ಬೊಂಬಾಯಿ, ರೈಲಿನಾಗ ಸೋಲಾಪುರ, ಅಲ್ಲಿಂದ ಲಾರಿ ಹತ್ತಿ ನಮ್ಮ ಬಂಗ್ಲೆಕ್ಕ ಬರ್ತಿತ್ತು. ಸಾಹೇಬ್ರು ತಿಂಗಳಿಗೊಂದು ಬಾಟ್ಲಿ, ಐತವಾರ ಮಧ್ಯಾಹ್ನ ಊಟಕ್ಕ ಮಾತ್ರ ತಗೀತಿದ್ರು.

ಮೊದಲನೇ ಐತವಾರ ಚಾಚಾ ಕುರಿ ಸಾರು ಮಾಡಿದ್ದ. ಸಾಹೇಬ್ರು ಬೂಚು ತಗದು, ಗ್ಲಾಸಿಗೆ ನಾಲ್ಕು ಬಟ್ಟು ಸುರುವಿಕೊಂಡು, ಗ್ಲಾಸಿನಾಗ ಮೂಗು ಇಟ್ಟು ಕಣ್ಣು ಮುಚ್ಚಿದ್ರು. ಮೂಸಿದ್ರು. ಗ್ಲಾಸು ತಿರುವಿ ಮತ್ತ ಮೂಸಿದ್ರು. ಕುಡಿಯವಲ್ಲರು.

ಬಾಗಿಲ ಸಂದ್ಯಾಗ ನಿಂತಿದ್ದ ಚಾಚಾನ ಮುಖ ಬಿಳಿಚಿಕೊಂಡ್ತು. ನಮ್ಮಲ್ಲಿ ತಾಟಿನಾಗಿಂದು ಮೂಸಿ ನೋಡೋದು ಯಾವಾಗ ಹೇಳ್ರಿ? ಹಾಲು ಒಡದದೋ, ಸಾರು ಹಳಸ್ಯದೋ ಅಂತ ಅನುಮಾನ ಬಂದಾಗ. ಉಣ್ಣಾಕ ಕುಂತವ ಮೂಸಿದ ಅಂದ್ರ ಅಡಗಿ ಮಾಡಿದವನ ಮಾನ ಹೋತು ಅಂತ ಲೆಕ್ಕ. ಚಾಚಾ ಮುಂದ ಹೋದವನೇ, "ಮಾಫ್ ಮಾಡ್ರಿ ಸಾಹೇಬ್, ಹಳಸಿರಬೇಕು" ಅಂದು ಗ್ಲಾಸು ಕಸಗೊಂಡು ಕಿಡಕ್ಯಾಗಿಂದ ದಾಳಿಂಬ್ರಿ ಗಿಡದ ಬುಡಕ್ಕ ಚೆಲ್ಲಿಬಿಟ್ಟ. ಬಾಟ್ಲಿಗೂ ಕೈ ಹಾಕಿದ. ಸಾಹೇಬ್ರು ಕುರ್ಚಿಯಿಂದ ಹಾರಿ ಬಾಟ್ಲಿ ಎದಿಗೆ ಅವಚಿಕೊಂಡ್ರು. ನಾ ಓಡಿ ಬಂದಾಗ ಇಬ್ಬರೂ ಬಾಟ್ಲಿ ಹಿಡದು ಜಗ್ಗಾಡಾಕತ್ತಿದ್ರು.

ಎಲ್ಲಾ ತಿಳದ ಮ್ಯಾಲ ಸಾಹೇಬ್ರು ಸಿಟ್ಟಾಗಲಿಲ್ಲ. ನಮ್ಮಿಬ್ಬರನ್ನೂ ಕರದು ನಿಲ್ಲಿಸಿ, "ಇದು ಬಾಯಿಗಿಂತ ಮೊದಲು ಮೂಗಿಗೆ ಊಟ. ನೀವು ಕುಡಿಯೋರಲ್ಲ, ಗೊತ್ತದ. ಮೂಸಿ ಹೇಳ್ರಿ, ಏನು ವಾಸನಿ ಬರಾಕತ್ತದ?" ಅಂದ್ರು.

ಚಾಚಾ ಭಾಳ ಹೊತ್ತು ವಿಚಾರ ಮಾಡಿದ. ಮೂಗಿನಾಗ ಹೋಗಿದ್ದು ಹೊಟ್ಟಿಗೆ ಇಳಿಯೋದಿಲ್ಲ ಅಂತ ತನಗ ತಾನೇ ತಸಲ್ಲಿ ಹೇಳಿಕೊಂಡು ಮುಂದ ಬಂದ. ಮೊದಲು ನಾ ಮೂಸಿದೆ. ನಮ್ಮೂರ ಸೇಂದಿ ಅಂಗಡಿ ಮುಂದ ಹಾದು ಹೋದ್ರ ಮೂಗು ಮುಚ್ಚಿಕೋಬೇಕು, ಇದು ಹಾಂಗಿರಲಿಲ್ಲ. "ಮೊದಲನೇ ಮಳಿ ಬಿದ್ದ ಹೊಲ ಇದ್ದಂಗ ಅದರಿ. ಹಿಂದಿಂದ ನ್ಯಾರಳ ಹಣ್ಣು" ಅಂದೆ. ಚಾಚಾ ಮೂಸಿ, "ಕರಿಮೆಣಸು ಕುಟ್ಟಿ ಹಾಕ್ಯಾರ. ಪುಂಡಿಪಲ್ಯದ ಹುಳಿನೂ ಅದ" ಅಂದ.

ಸಾಹೇಬ್ರು ಮೇಜು ತಟ್ಟಿದ್ರು. ಕುಡಿಯೋ ಮಂದಿಗೇ ಇಷ್ಟು ಹೇಳಾಕ ಬರೋದಿಲ್ಲಂತ. ಆಮ್ಯಾಲ ಅವರು ನಮಗ ತಿಳಿಸಿ ಹೇಳಿದ್ರು. ಬಿಸಿಲು ದೇಶದ ದ್ರಾಕ್ಷಿ ಲಗೂನ ಹಣ್ಣಾಗತದ, ಅದರ ಶರಾಬು ದಪ್ಪ, ಸಿಹಿ, ಬಾಯಾಗ ಬಿದ್ದ ಕೂಡಲೇ ಜೋರು ಮಾಡತದ. ಚಳಿ ಗುಡ್ಡದ ದ್ರಾಕ್ಷಿ ಮೆಲ್ಲಗ, ಒಲ್ಲೆ ಒಲ್ಲೆ ಅನಕೋತ ಹಣ್ಣಾಗತದ. ಅದಕ್ಕ ಬಣ್ಣ ತೆಳ್ಳಗ, ಹುಳಿ ಮುಂದ, ಮಾತು ಸಣ್ಣದು. ಗದ್ದಲದಾಗ ಕುಂತ್ರ ಅದು ಕೇಳಿಸೋದೇ ಇಲ್ಲ. "ನನ್ನ ತಮ್ಮ ಪ್ರತಿ ಪತ್ರದಾಗ ಒಂದೇ ಬರೀತಾನ, ಈ ವರ್ಷನೂ ಬಿಸಿಲು ಸಾಲಲಿಲ್ಲ ಅಂತ" ಅಂದು ನಕ್ರು. ಅದು ವೈಶಾಖ ಮಾಸ. ನಮ್ಮ ಬೆನ್ನಿನ ಮ್ಯಾಲ ರೊಟ್ಟಿ ಸುಡಬಹುದಿತ್ತು. ನಮ್ಮ ಬಿಸಿಲಿನಾಗ ಅರ್ಧಾ ಒಯ್ಯಾಕ ಹೇಳ್ರಿ ಅಂತ ನಾ ಮನಸ್ಸಿನಾಗೇ ಅಂದೆ.

ಆ ವರ್ಷ ಆ ದಾಳಿಂಬ್ರಿ ಗಿಡ ಮುರಕೊಂಡು ಬೀಳೋ ಹಾಂಗ ಕಾಯಿ ಬಿಡ್ತು. ಎಲ್ಲಾರೂ ತಿಂದ್ವಿ. ಚಾಚಾ ಮಾತ್ರ ಒಂದೂ ಮುಟ್ಟಲಿಲ್ಲ. ಯಾಕ ಅಂತ ಕೇಳಿದ್ರ, "ನಾ ಕಣ್ಣಾರೆ ನೋಡೀನಿ, ಆ ಗಿಡ ಕುಡದದ" ಅಂದ.

ನೀರು ಬೆರಸಿದವ ಯಾರು

ಒಂದು ಐತವಾರ ಸಾಹೇಬ್ರು ಆಬಕಾರಿ ಇನ್ಸ್‌ಪೆಕ್ಟರನ್ನ ಊಟಕ್ಕ ಕರದಿದ್ರು. ಸೇಂದಿಗೆ ನೀರು ಬೆರಸೋರನ್ನ ಹಿಡಿಯೋದ್ರಾಗೇ ಆ ಮನುಷ್ಯಾನ ಹರೇ ಕಳದಿತ್ತು. ಹೆಂಡತಿ ಮಜ್ಜಿಗಿ ಕೊಟ್ರೂ ಬೆಳಕಿಗೆ ಹಿಡದು ನೋಡಿ ಕುಡಿಯೋ ಪೈಕಿ.

ಚಾಚಾ ಗ್ಲಾಸಿಗೆ ಸುರುವಿದ. ಇನ್ಸ್‌ಪೆಕ್ಟರ್ ಗ್ಲಾಸು ಎತ್ತಿ ಹಿಡದ್ರು. ಆಚಿ ಕಡಿಯಿಂದ ಅವರ ಐದೂ ಬೆರಳು ಉಗುರು ಸಮೇತ ಕಾಣಸ್ತಿದ್ದುವು. ಅವರು ಸಾಹೇಬರ ಮುಂದ ಏನೂ ಅನ್ನಲಿಲ್ಲ. ಕೈ ತೊಳಕೊಂಡು ಬರ್ತೀನಿ ಅಂತ ಎದ್ದು ಹಿಂದಿನ ಪಡಸಾಲಿಗೆ ಬಂದು, ಚಾಚಾನ್ನ ಮೂಲಿಗೆ ನಿಲ್ಲಿಸಿದ್ರು.

"ಎಷ್ಟು ಬೆರಸೀದಿ?"

"ಏನ್ರೀ ಸಾಹೇಬ್?"

"ನೀರು. ಅರ್ಧಾ ಬಾಟ್ಲಿ ಮಾರಿಕೊಂಡು ಅರ್ಧಾ ನೀರು ತುಂಬೀದಿ. ಇಪ್ಪತ್ತು ವರ್ಷ ಇದನ್ನೇ ನೋಡೀನಿ ನಾ."

ಚಾಚಾ ಎರಡೂ ಕಿವಿ ಹಿಡಕೊಂಡ. ಎರಡು ತಲಿಮಾರಿನಿಂದ ಸಾಹೇಬರ ಅಡಗಿಮನಿ ನೋಡಿದ ವಂಶ ಅವಂದು. ನನಗ ತಡೀಲಿಲ್ಲ. ಇವನ ಮಾನ ಉಳಿಸೇ ತೀರ್ತೀನಿ ಅಂತ ನಾ ನಡುವ ಬಾಯಿ ಹಾಕಿದೆ. "ಅವ ಏನೂ ಮಾಡಿಲ್ರಿ. ಬಾಟ್ಲಿ ನನ್ನ ತಾಬೇದಾಗ ಇರ್ತದ. ನಾನೇ ಮುಂಜಾನಿ ಬಾವಿಗೆ ಬಿಟ್ಟಿದ್ದೆ."

ಖರೇ ಮಾತು ಅದು. ಆ ಶರಾಬು ನಮ್ಮ ಸೆಕಿಯೊಳಗ ಹಾಂಗೇ ಕೊಟ್ರ ಸಪ್ಪ ಆಗತದ ಅಂತ, ಬಾಟ್ಲಿನ್ನ ಬುಟ್ಟ್ಯಾಗ ಇಟ್ಟು, ಹಗ್ಗ ಕಟ್ಟಿ, ಬಾವಿ ನೀರಿನಾಗ ಕುತ್ತಿಗಿ ಮಟ ಇಳಿಬಿಟ್ಟು, ಊಟಕ್ಕ ಒಂದು ತಾಸು ಇರೋವಾಗ ಎತ್ತೋ ರೂಢಿ ಇತ್ತು.

ಇನ್ಸ್‌ಪೆಕ್ಟರ್ ನನ್ನ ಭುಜದ ಮ್ಯಾಲ ಕೈ ಇಟ್ರು. "ಚಂಬು ಬೆರಸಿದವರನ್ನ ನೋಡೀನಿ, ಕೊಡ ಬೆರಸಿದವರನ್ನ ನೋಡೀನಿ. ಬಾಟ್ಲಿನೇ ಒಯ್ದು ಬಾವಿಗೆ ಬಿಟ್ಟವನ್ನ ಇವತ್ತೇ ನೋಡಿದ್ದು. ಅದೂ ತಾನಾಗಿ ಒಪ್ಪಿಕೊಂಡವನ್ನ" ಅಂದು ಕಿಸೆದಾಗಿಂದ ಪೆನ್ಸಿಲ್ ತಗದ್ರು.

ಕಡೀಕ ಸಾಹೇಬ್ರೇ ಎದ್ದು ಬಂದು, ಹೊಸಾ ಬಾಟ್ಲಿಯ ಮೇಣದ ಮುದ್ರಿ ಅವರ ಕಣ್ಣ ಮುಂದೇ ಒಡದು ಸುರುವಿದ್ರು. ಅದೇ ಬಣ್ಣ, ಅವೇ ಐದು ಬೆರಳು. ಇನ್ಸ್‌ಪೆಕ್ಟರ್ ಭಾಳ ಕಳಕಳಿಯಿಂದ ಸಾಹೇಬರಿಗೆ ಹೇಳಿದ್ರು. "ನಿಮಗ ಬ್ಯಾಸರ ಆಗಬಾರದು. ನಿಮ್ಮ ತಮ್ಮನೇ ಬೆರಸಾಕತ್ತಾನ."

"ಹೌದು, ಅವ ಒಲ್ಲೆ ಅಂದ್ರೂ ಮಳಿ ಬೆರಸತದ" ಅಂದ್ರು ಸಾಹೇಬ್ರು.

ಇನ್ಸ್‌ಪೆಕ್ಟರ್ ಕುಡಿಯಾಕತ್ರು. ಒಂದು ಗ್ಲಾಸಿಗೆ, ನೀರೇ ಇದು ಅಂದ್ರು. ಎರಡಕ್ಕ, ಪುಂಡಿಪಲ್ಯದ ನೀರು ಅಂದ್ರು. ಮೂರಕ್ಕ ಏನೂ ಅನ್ನಲಿಲ್ಲ. ನಾಲ್ಕಕ್ಕ ಪರೀಕ್ಷಾ ಮುಗಿಸಿ ಏಳಾಕ ಹೋದ್ರ ಕಾಲು ಏಳವಲ್ಲವು. ನಾನೂ ಚಾಚಾನೂ ಆಚಿಗೊಬ್ಬರು ಈಚಿಗೊಬ್ಬರು ಹಿಡದು ಟಾಂಗಾದಾಗ ಕುಂದ್ರಿಸಿದ್ವಿ. ಅಲ್ಲಿ ಅವರು ಚಾಚಾನ ಕೈ ಹಿಡದು ತಪ್ಪಾಯ್ತು ಅಂದ್ರು. ನನ್ನ ಕಡಿ ಹೊಳ್ಳಿ ನೋಡಿ, "ಖರೇ ಹೇಳ್ತೀನಿ, ಆ ಬಾವ್ಯಾಗ ಏನೋ ಅದ" ಅಂದ್ರು. ಹೋಗೋವಾಗ ಟಾಂಗಾದಾಗ ಬಾವಿ ನೀರಿನ ಕೊಡ ಒಂದು ಇಡಿಸಿಕೊಂಡು ಹೋದ್ರು.

ನಾಲ್ಕು ವರ್ಷದ ಕೂಸು

ಸೇತುವೆ ಮುಗೀತು. ಅಷ್ಟರಾಗ ದೊಡ್ಡ ಲಡಾಯಿ ಶುರುವಾತು. ಸಾಹೇಬರನ್ನ ಮೂಡಣ ಸೀಮಿ ಕಾಡಿನಾಗ ಫೌಜಿನ ರಸ್ತೆ ಮಾಡಾಕ ಕರಸಿಕೊಂಡ್ರು. ಅತ್ತ ಚಳಿ ಸೀಮಿಯಾಗ ಅವರ ತಮ್ಮನ್ನ ಫೌಜಿಗೆ ತಗೊಂಡಿದ್ರು, ಪತ್ರ ನಿಂತು ಹೋಗಿದ್ದುವು. ಪೆಟಗಿದಾಗ ಉಳದದ್ದು ಒಂದೇ ಬಾಟ್ಲಿ.

ಹೊರಡೋ ಮುಂಜಾನಿ ಸಾಹೇಬ್ರು ಆ ಬಾಟ್ಲಿ ನನ್ನ ಕೈಯಾಗ ಇಟ್ರು. "ನನ್ನ ಜೋಡಿ ಒಯ್ದ್ರ ಹಾದ್ಯಾಗೇ ಬೆಂದು ಹೋಗತದ. ತಮ್ಮನ ಸುದ್ದಿ ತಿಳದ ದಿನ ಇದರ ಬೂಚು ತಗೀತೀನಿ, ಅಲ್ಲಿ ತನಕ ಇದು ಅಮಾನತು, ನಿನ್ನ ನಂಬಿ ಒಪ್ಪಿಸಿದ್ದು. ಮೂರು ಮಾತು ನೆನಪಿಡು. ಇದನ್ನ ಅಡ್ಡ ಮಲಗಿಸಿರಬೇಕು, ಇಲ್ಲಂದ್ರ ಬೂಚು ಒಣಗತದ. ಅಲುಗಾಡಿಸಬಾರದು. ಬಿಸಿಲು ಕಾಣಬಾರದು."

"ನಾ ಜೀವಂತ ಇರೋ ತನಕ ಇದು ಬಿಸಿಲು ಕಾಣೋದಿಲ್ರಿ" ಅಂದೆ. ನಾ ಹಟದ ಮನುಷ್ಯಾ. ನನ್ನ ಮನ್ಯಾಕಿ ಇದನ್ನ ಬ್ಯಾರೆ ಮಾತಿನಾಗ ಹೇಳ್ತಾಳ, ಅದು ಇಲ್ಲಿ ಬ್ಯಾಡ.

ಬಂಗ್ಲೆದಾಗ ಇಡೋ ಹಾಂಗಿರಲಿಲ್ಲ. ಚೈತ್ರ ಬಂದ್ರ ಹಂಚು ಕಾದು ಒಳಗ ಭಟ್ಟಿ ಆಗ್ತಿತ್ತು. ಬಂದು ಹೋಗೋ ಸಾಹೇಬ್ರು ಯಾರರೆ ಕಂಡ್ರ ಅವತ್ತೇ ಅದರ ಕತಿ ಮುಗೀತು. ಕಲ್ಯಾಣದಾಗ ನನ್ನ ಮಾವಾರ ಮನಿ ಅದ, ಅಲ್ಲಿಗೆ ಒಯ್ಯೋದೇ ಸೈ ಅಂತ ಠರಾಯಿಸಿದೆ. ಬಾಟ್ಲಿಗೆ ಬಿಳಿ ಧೋತರ ತೋಯಿಸಿ ಸುತ್ತಿ, ಅಡ್ಡ ಮಲಗಿಸಿ, ಎರಡೂ ತೋಳಿನ ಮ್ಯಾಲ ಹೊತ್ಕೊಂಡು, ಬಿಸಿಲು ಬೀಳಬಾರದಂತ ಮ್ಯಾಲೊಂದು ಟುವಾಲು ಮುಚ್ಚಿ ಮೋಟಾರು ಹತ್ತಿದೆ.

ದೇವರ ದರ್ಶನಕ್ಕಂತ ಮಾಣಿಕನಗರಕ್ಕ ಬಂದು ಹೊಳ್ಳಿ ಊರಿಗೆ ಹೊಂಟ ಮುದುಕಿಯೊಬ್ಬಾಕಿ ಪಕ್ಕಕ್ಕ ಕುಂತಿದ್ಲು. ಸ್ವಲ್ಪ ಹೊತ್ತು ನೋಡಿ, "ಎಷ್ಟು ತಿಂಗಳಿನ ಕೂಸೋ ಯಪ್ಪಾ?" ಅಂದ್ಲು.

ಇಡೀ ಮೋಟಾರಿನಾಗ ನಮ್ಮ ಪೈಕಿ ಮಂದಿ. ಲಿಂಗ ಕಟ್ಟಿದವ ಶರಾಬಿನ ಬಾಟ್ಲಿ ತೊಡಿಮ್ಯಾಲ ಹಾಕ್ಕೊಂಡಾನ ಅಂತ ಹ್ಯಾಂಗ ಹೇಳಲಿ? ಸುಳ್ಳೂ ಬಾಯಿಗೆ ಬರಲಿಲ್ಲ. ಬಾಟ್ಲಿ ವಯಸ್ಸೇ ಹೇಳಿದೆ. "ನಾಲ್ಕು ವರ್ಷಾತಬೇ."

"ನಾಲ್ಕು ವರ್ಷಕ್ಕ ಇಷ್ಟೇನಾ?"

"ಚಳಿ ಸೀಮಿದು. ಬೆಳವಣಗಿ ಕಮ್ಮಿ."

"ಅರಿವಿ ತೋಯ್ದದಲ್ಲೋ. ಬದಲಿ ಮಾಡಬಾರದಾ?"

"ತೋಯ್ದೇ ಇರಬೇಕಂತ ಹೇಳ್ಯಾರಬೇ."

ಮುದುಕಿಗೆ ಕನಿಕರ ಬಂತು. ಹಿಂಥಾ ಕೂಸಿಗೆ ದೃಷ್ಟಿ ಆಗಿರಬೇಕು ಅಂತ, ಚೀಲದಾಗಿನ ಕಾಡಿಗಿ ಡಬ್ಬಿ ತಗದು, ಕೆನ್ನಿಗೆ ಬೊಟ್ಟು ಇಡತೀನಿ ಅಂತ ನಾ ಬ್ಯಾಡ ಬ್ಯಾಡ ಅನ್ನೋದರಾಗ ಟುವಾಲು ಸರಿಸಿಬಿಟ್ಲು. ಕೆಂಪು ಮೇಣದ ಮೂತಿ ಹೊರಗ ಬಂತು. ಆಕಿ ನೋಡಿದ್ಲು. ನನ್ನ ಕೊರಳಾಗಿನ ಲಿಂಗ ನೋಡಿದ್ಲು. ಮತ್ತ ಬಾಟ್ಲಿ ನೋಡಿದ್ಲು. ನನಗ ಕಿಡಕ್ಯಾಗಿಂದ ಜಿಗಿದು ಹೋಗಬೇಕು ಅನ್ನಿಸ್ತು.

ಆಕಿ ಟುವಾಲು ಮೊದಲಿನಂಗ ಮುಚ್ಚಿದ್ಲು. ಕಿಡಕಿ ಬಿಸಿಲು ಬೀಳಬಾರದಂತ ತನ್ನ ಸೆರಗೂ ಅಡ್ಡ ಹಿಡದ್ಲು. ಕಲ್ಯಾಣ ಬಂತು. ಇಳಿಯೋವಾಗ ನನ್ನ ಕಿವಿ ಹತ್ತರ ಬಂದು ಅಂದ್ಲು. "ಜ್ವಾಪಾನಪ್ಪಾ. ನಮ್ಮನಿ ಮುದುಕಂದೂ ಹಿಂಥವು ನಾಲ್ಕು ಕೂಸು ಅಟ್ಟದ ಮ್ಯಾಲ ಅವ. ನನಗ ಗೊತ್ತಿಲ್ಲ ಅಂತ ತಿಳಕೊಂಡಾನ."

ಹಗೇವಿನಾಗ ಸಿಕ್ಕಿದ್ದು

ನಮ್ಮ ಕಡಿ ಜ್ವಾಳ ಇಡೋದು ಹಗೇವಿನಾಗ. ನೆಲದಾಗ ಆಳುದ್ದದ ತೆಗ್ಗು ತೋಡಿ, ಸುತ್ತಲೂ ಒಣ ದಂಟಿನ ಕಣಕಿ ಹೊದಿಸಿ, ಜ್ವಾಳ ಸುರುವಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತತಾರ. ಒಳಗ ಬಿಸಿಲಿಲ್ಲ, ಅಲುಗಾಟ ಇಲ್ಲ, ಮಲಗಿಸಿದ್ದು ಮಲಗೇ ಇರತದ. ಸಾಹೇಬ್ರು ಹೇಳಿದ ಮೂರೂ ಮಾತು ಮಾವಾರ ಅಂಗಳದಾಗೇ ಇದ್ದುವು. ಬಾಟ್ಲಿನ್ನ ಅಲ್ಲೇ ಒಂದು ಹಗೇವಿನ ಜ್ವಾಳದಾಗ ಮಲಗಿಸಿದೆ. ಮಾವಾರಿಗೂ ಅತ್ತಿಗೂ ನಾ ಹೇಳಿದ್ದು ಇಷ್ಟು: "ಸಾಹೇಬರ ದ್ರಾಕ್ಷಿ ರಸ. ಅಮಾನತು. ಕೆಡಬಾರದು." ಸುಳ್ಳಲ್ಲ, ಪೂರಾ ಖರೇನೂ ಅಲ್ಲ.

ಮೂರು ವರ್ಷ ಸುಸೂತ್ರ ಹೋಯ್ತು. ಲಡಾಯಿ ಜೋರಾದಂಗ ಸರಕಾರ ರೈತರ ಜ್ವಾಳದಾಗ ಪಾಲು ಎತ್ತಾಕ ಶುರು ಮಾಡ್ತು. ಒಂದು ದಿನ ಕಂದಾಯ ಇಲಾಖೆಯ ಗಿರ್ದಾವರು ಇಬ್ಬರು ತಳವಾರರನ್ನ ಕರಕ್ಕೊಂಡು ಮಾವಾರ ಅಂಗಳಕ್ಕ ಬಂದ್ರು. ಅವತ್ತು ಸಂತಿಗೆ ಅಂತ ನಾನೂ ಮನ್ಯಾಕಿನೂ ಅಲ್ಲೇ ಇದ್ವಿ. ಎರಡು ಹಗೇವು ಇದ್ದುವು. ನಾ ಓಡಿ ಹೋಗಿ ಬಾಟ್ಲಿ ಇದ್ದ ಹಗೇವಿನ ಕಲ್ಲಿನ ಮ್ಯಾಲೇ ಕುಂತೆ. "ಅದನ್ನ ತಗೀರಿ, ಇದನ್ನ ಬಿಡ್ರಿ" ಅಂದೆ.

ಗಿರ್ದಾವರು ನಕ್ರು. "ಅಳಿಯಾ ಇಷ್ಟು ಬೆವರಾಕತ್ತಾನ ಅಂದ್ರ ಇದರಾಗೇ ಎಲ್ಲಾ ಅದ. ಇದನ್ನೇ ತಗೀರಿ" ಅಂದ್ರು.

ಕಲ್ಲು ಸರಿಸಿದ್ರು. ಒಳಗಿನ ಕೆಟ್ಟ ಗಾಳಿ ಹೋಗಲಿ ಅಂತ ಕಾದ್ರು. ಕಂದೀಲು ಇಳಿಬಿಟ್ಟು ನೋಡಿ, ತಳವಾರ ಒಬ್ಬಂವ ಇಳದು ಬುಟ್ಟಿ ಬುಟ್ಟಿ ಜ್ವಾಳ ಮ್ಯಾಲಕ್ಕ ಕೊಡಾಕತ್ತಿದ. ಒಮ್ಮೆಲೆ ನಿಂತ. ಕೆಳಗಿನಿಂದ ಅವನ ದನಿ ಬಂತು.

"ಸಾಹೇಬ್, ಇಲ್ಲಿ ಏನೋ ಅದ. ಬಿಳಿ ಅರಿವ್ಯಾಗ ಸುತ್ತಿ ಮಲಗಿಸ್ಯಾರ."

"ಎಷ್ಟುದ್ದ ಅದ?"

"ಮೊಳ ಇರಬೇಕು. ತಣ್ಣಗದರಿ."

ಗೋಡಿ ಆಚಿ ನೋಡಾಕತ್ತಿದ್ದ ಹೆಣಮಕ್ಕಳು ಸೆರಗು ಬಾಯಿಗೆ ಹಿಡಕೊಂಡ್ರು. ಗಿರ್ದಾವರು ಟೋಪಿ ತಗದು, ಪಂಚನಾಮಿ ಕಾಗದ ಬಿಚ್ಚಿ ಬರ್ಯಾಕತ್ರು. ಹೆಂಗಸರು ಗಂಡಸರು ಎಲ್ಲಾರೂ ನನ್ನೇ ನೋಡಾಕತ್ರು.

"ಕೂಸಲ್ರಿ ಅದು. ಅದು ಇಂಜಿನಿಯರ್ ಸಾಹೇಬರದು" ಅಂದೆ ನಾ ಗಾಬರ್ಯಾಗ.

"ಸಾಹೇಬರದಾ?"

"ಹೌದ್ರಿ. ಹೋಗೋವಾಗ ನನ್ನ ಹತ್ತರ ಬಿಟ್ಟು ಹೋದ್ರು. ಯಾರಿಗೂ ಕಾಣದಂಗ ಇಡು ಅಂದಿದ್ರು."

ಪಡಸಾಲ್ಯಾಗ ನಿಂತಿದ್ದ ನನ್ನ ಹೆಂಡತಿ ಹಣಿ ಬಡಕೊಂಡ್ಲು. ಮಾತು ಆಡಿದಷ್ಟೂ ನಾ ಒಳಗ ಹೋಗಾಕತ್ತಿದ್ದೆ. ಅಷ್ಟರಾಗ ಗಂಟು ಮ್ಯಾಲ ಬಂತು, ಬಿಚ್ಚಿದ್ರು, ಬಾಟ್ಲಿ. ಗಿರ್ದಾವರು ಜ್ವಾಳದ ರಾಶಿ ಮ್ಯಾಲೇ ಕುಂತುಬಿಟ್ರು. ಉಸರು ತಿರುಗಿದ ಮ್ಯಾಲ ಬಾಟ್ಲಿ ತಿರುವಿ ನೋಡಿ, "ಇದು ಶರಾಬು. ಜಪ್ತಿ ಮಾಡ್ತೀನಿ" ಅಂದ್ರು.

ಆಗ ಮಾವಾರು ಎದ್ರು. ಶರಾಬು ಅಂತ ಅವರಿಗೆ ತಿಳದದ್ದೇ ಆಗ. ನನ್ನ ಕಡಿ ಒಮ್ಮೆ ನೋಡಿದ್ರು, ನನಗ ಭೂಮಿಗಿಳದು ಹೋದಂಗ ಆತು. ಆದ್ರ ಬಾಟ್ಲಿನ್ನ ಗಿರ್ದಾವರ ಕೈಯಿಂದ ತಗೊಂಡು, ಅಡ್ಡ ಮಲಗಿಸಿ ತೊಡಿಮ್ಯಾಲ ಇಟ್ಕೊಂಡು ಕುಂತ್ರು. "ಜ್ವಾಳ ನನ್ನದು. ಅದರಾಗ ಸರಕಾರದ ಪಾಲು ಅದ, ಒಯ್ರಿ. ಇದು ಅಮಾನತು. ಇದರಾಗ ನನಗೂ ಪಾಲಿಲ್ಲ, ನಿಮಗೂ ಪಾಲಿಲ್ಲ" ಅಂದ್ರು. ಶರಾಬು ಅಂಗಡಿ ಇದ್ದ ಓಣ್ಯಾಗ ಕಾಲಿಡದ ಮನುಷ್ಯಾ. ಗಿರ್ದಾವರು ಜ್ವಾಳ ಅಳದು ಹೇರಿಕೊಂಡು ಹೋಗೋ ತನಕ, ಆ ಬಾಟ್ಲಿ ತೊಡಿಮ್ಯಾಲ ಇಟ್ಕೊಂಡು ಕುಂತಲ್ಲಿಂದ ಏಳಲಿಲ್ಲ. ನನ್ನ ಜೋಡಿ ಆರು ತಿಂಗಳು ಮಾತಾಡಲಿಲ್ಲ, ಆ ಮಾತು ಬ್ಯಾರೆ.

ಪಂಚನಾಮಿ ಕಾಗದ ಸರಕಾರದ್ದು, ಬರದದ್ದು ಅಳಿಸೋ ಹಾಂಗಿಲ್ಲ. ಗಿರ್ದಾವರು ಮೊದಲು ಬರದದ್ದನ್ನ ಹಾಂಗೇ ಇಟ್ಟು ಮುಂದ ಸೇರಿಸಿದ್ರು. "ಹಗೇವಿನಾಗ ಸಿಕ್ಕಿದ್ದು: ಜ್ವಾಳ, ಮತ್ತು ಒಂದು ಎಳೇ ಕೂಸು. ಸದರಿ ಕೂಸು ಬಿಚ್ಚಿ ನೋಡಿದ ನಂತರ ಬಾಟ್ಲಿ ಆಯಿತು."

ಅತ್ತಿಯ ಜ್ವಾಪಾನ

ಹಗೇವು ಖಾಲಿ ಆತು. ಬಾಟ್ಲಿ ಎಲ್ಲಿ ಇಡಬೇಕು ಅಂತ ನಾ ತಲಿ ಕೆಡಿಸಿಕೊಂಡಿದ್ದೆ. ನನ್ನ ಅತ್ತಿ ಬಂದು, "ಕೊಡ್ರಿ ಇಲ್ಲೆ. ನಿಮ್ಮ ಗಂಡಸರ ಕೈಯಾಗ ಕೊಟ್ರ ಹೂಳೋದು ಬಿಟ್ಟು ಬ್ಯಾರೆ ಬರೋದಿಲ್ಲ. ಕೆಡದಂಗ ಇಡೋದು ನನಗ ಗೊತ್ತದ" ಅಂದ್ಲು. ಒಳಗಿನ ಕತ್ತಲಿ ಖೋಲ್ಯಾಗ ನೀರಿನ ಕೊಡದ ಕೆಳಗ ಹಸಿ ಉಸುಕಿರ್ತದಲ್ಲ, ಅದರಾಗ ಮಲಗಿಸಿದ್ಲು. ಪ್ರತಿ ಸಂತಿ ದಿನ ನಾ ಹುಮನಾಬಾದದಿಂದ ಹೋಗಿ ಉಸುಕಿನಾಗ ಕೈ ಇಟ್ಟು ನೋಡ್ತಿದ್ದೆ. ತಣ್ಣಗ, ಅಡ್ಡ, ಅಲುಗದಂಗ ಮಲಗಿರ್ತಿತ್ತು. ನನಗ ಸಮಾಧಾನ ಆಗೋದು.

ಲಡಾಯಿ ಮುಗದು ಒಂದು ಚಳಿಗಾಲ ಸಾಹೇಬ್ರು ಹೊಳ್ಳಿ ಬಂದ್ರು. ಕೂದಲು ಪೂರಾ ಬೆಳ್ಳಗಾಗಿದ್ದುವು. ಕಿಸೆದಾಗ ತಮ್ಮನ ಪತ್ರ ಇತ್ತು. ತಮ್ಮ ಬದುಕ್ಯಾನ. ಆದ್ರ ತ್ವಾಟ ಉಳದಿಲ್ಲ, ಬಳ್ಳಿ ಎಲ್ಲಾ ಸುಟ್ಟು ಹೋಗ್ಯಾವ, ನೆಲಮನ್ಯಾಗಿನ ಬಾಟ್ಲಿ ಬಂದ ಫೌಜು ಹೋದ ಫೌಜು ಕುಡದು ಮುಗಿಸ್ಯಾವ. "ನನ್ನ ಕೈಲೆ ಮಾಡಿದ್ದು ನಿನ್ನ ಹತ್ತರ ಒಂದರೆ ಉಳದದೇನು ಅಂತ ಕೇಳ್ಯಾನ" ಅಂದ್ರು. ಕೇಳೋವಾಗ ಅವರ ದನಿ ಸಣ್ಣಾಗಿತ್ತು. ಇಲ್ಲ ಅಂತೀನೇನೋ ಅಂತ ಅಂಜಿದ್ರು.

"ಅದರಿ. ಆರು ವರ್ಷ ಬಿಸಿಲು ಕಂಡಿಲ್ಲ" ಅಂದೆ. ನನ್ನ ಜೀವನದಾಗ ಅಷ್ಟು ಹೆಮ್ಮೆಯಿಂದ ಆಡಿದ ಮಾತು ಬ್ಯಾರೆ ಇಲ್ಲ.

ಮರುದಿನ ಸಾಹೇಬ್ರು, ನಾನು, ನೌಕರಿ ಬಿಟ್ಟು ಮನ್ಯಾಗಿದ್ದ ಚಾಚಾ, ಮೂವರೂ ಜೀಪಿನಾಗ ಅವರದೇ ಸೇತುವೆ ದಾಟಿ ಕಲ್ಯಾಣಕ್ಕ ಹೋದ್ವಿ. ಮನಿಯೊಳಗ ಶರಾಬು ತಗಿಯೋ ಹಾಂಗಿರಲಿಲ್ಲ, ಅಂಗಳದ ಬೇವಿನ ಕೆಳಗ ಕಂಬಳಿ ಹಾಸಿದ್ವಿ. ಮಾವಾರು ಬೆನ್ನು ತಿರುವಿ ಕುಂತ್ರು, ಎದ್ದು ಮಾತ್ರ ಹೋಗಲಿಲ್ಲ. ಅಮಾನತು ಮುಟ್ಟಿಸೋವಾಗ ಇರಬೇಕಲ್ಲ.

ಬೂಚು ಬಂತು. ಸಾಹೇಬ್ರು ಗ್ಲಾಸಿಗೆ ಸುರುವಿ ಮೊದಲು ನನ್ನ ಮುಂದ ಹಿಡದ್ರು. "ಹೇಳು. ಮೊದಲು ನಿನ್ನ ಮೂಗು."

ಮೂಸಿದೆ. ಮಳಿ ಬಿದ್ದ ಹೊಲ ಇಲ್ಲ. ನ್ಯಾರಳ ಇಲ್ಲ, ಕರಿಮೆಣಸು ಇಲ್ಲ. ಒಣದ್ರಾಕ್ಷಿ ಇತ್ತು, ಬೆಲ್ಲದ ಪಾಕ ಇತ್ತು, ಹುರದ ಶೇಂಗಾ ಇತ್ತು. ಮತ್ತ ಇನ್ನೊಂದು ಏನೋ ಇತ್ತು, ಅದು ನನಗ ಗೊತ್ತಿದ್ದ ವಾಸನಿ, ಎಲ್ಲಿದು ಅಂತ ಹೊಳೀಲಿಲ್ಲ. ಗ್ಲಾಸು ಚಾಚಾಗ ಕೊಟ್ಟೆ. ಚಾಚಾ ಮೂಸಿ, ತಲಿ ಕೆಳಗ ಹಾಕಿ, ಮೆಲ್ಲಗ ಅಂದ. "ಬೇಟಾ, ಇದು ಮಾಳಗಿ ಮ್ಯಾಲಿನ ಉಪ್ಪಿನಕಾಯಿ ಬಿಸಿಲು."

ಸಾಹೇಬ್ರು ಗ್ಲಾಸು ಬೆಳಕಿಗೆ ಹಿಡದ್ರು. ಕೆಂಪು ಹೋಗಿ ಇಟ್ಟಂಗಿ ಬಣ್ಣ ಆಗಿತ್ತು. ಒಂದು ಗುಟುಕು ಕುಡದ್ರು. "ಇದು ನನ್ನ ತಮ್ಮನ ಶರಾಬು ಅಲ್ಲ" ಅಂದ್ರು. ಸಿಟ್ಟಿನಿಂದ ಅನ್ನಲಿಲ್ಲ, ಅದಕ್ಕೇ ನನ್ನ ಕಣ್ಣಾಗ ನೀರು ಬಂತು. ಆರು ವರ್ಷದ ಹಟ, ಮೋಟಾರು, ಹಗೇವು, ಮಾವಾರ ಮಾನ, ಎಲ್ಲಾ ಮಣ್ಣಿಗೆ ಹೋತು ಅಂತ ನಿಂತೆ.

ಬಾಗಿಲ ಮರಿಯಿಂದ ಅತ್ತಿ ದನಿ ಬಂತು. "ಸಾಹೇಬ್ರು ಏನಂತಾರ, ಅಳ್ಯಾರ? ಕೆಟ್ಟದಂತೇನು? ಕೆಡೋ ಹಾಂಗೇ ಇಲ್ಲ. ಮೂರು ಬ್ಯಾಸಿಗಿ ಬಿಸಿಲಿಗೆ ಇಟ್ಟೀನಿ."

"ಏನು ಇಟ್ಟೀರಿ?"

"ಮಾಳಗಿ ಮ್ಯಾಲ, ಉಪ್ಪಿನಕಾಯಿ ಭರಣಿ ಜೋಡಿ. ಶರಾಬಾದ್ರೂ ಹಣ್ಣಿನ ರಸಾನೇ ಅಲ್ಲೇನು, ಮೊದಲ ನೀವೇ ಅಂದಿದ್ರಿ. ಉಸುಕಿನಾಗೇ ಇದ್ರ ಬೂರಸು ಹಿಡೀತದ. ನೀವು ಸಂತಿ ದಿನ ಬರ್ತಿದ್ರಿ, ಸಿಟ್ಟಾಗ್ತೀರಂತ ಹಿಂದಿನ ದಿನ ಒಳಗ ಇಟ್ಟು ನೀರು ಚಿಮಕಸ್ತಿದ್ದೆ. ಸಂತಿ ಮುಗೀತು ಅಂದ್ರ ಮತ್ತ ಮ್ಯಾಲ ಒಯ್ತಿದ್ದೆ."

ಇದನ್ನ ಸಾಹೇಬರಿಗೆ ಹೇಳಬೇಕೋ ಬ್ಯಾಡೋ? ಚಾಚಾ ಬ್ಯಾಡ ಅಂತ ಕಣ್ಣು ಮಾಡಿದ. ನನ್ನ ಮನಸ್ಸು ಕೇಳಲಿಲ್ಲ. ಅಮಾನತು ಕೆಡಿಸಿದವ ಸುಳ್ಳೂ ಹೇಳಿದ ಅಂತ ಆಗಬಾರದು. ಭರಣಿ, ಮಾಳಗಿ, ನೀರು ಚಿಮಕಸಿದ್ದು, ಒಂದೂ ಬಿಡದಂಗ ಹೇಳಿದೆ.

ಸಾಹೇಬ್ರು ಗ್ಲಾಸು ಕೆಳಗ ಇಟ್ಟು ಮುಖ ಮುಚ್ಚಿಕೊಂಡ್ರು. ಭುಜ ಅಲುಗಾಕತ್ತುವು. ಅಳಾಕತ್ತಾರ ಅಂತ ಮಾವಾರು ಸೈತ ಈ ಕಡಿ ತಿರುಗಿದ್ರು. ಸಾಹೇಬ್ರು ನಗಾಕತ್ತಿದ್ರು. ನಕ್ಕು ನಕ್ಕು ಕಣ್ಣು ಒರಸಿಕೊಂಡು, ಮತ್ತೊಂದು ಗ್ಲಾಸು ಸುರುವಿಕೊಂಡು ಪೂರಾ ಕುಡದ್ರು. "ಚಲೋ ಅದ. ಖರೇನೇ ಚಲೋ ಅದ. ಬಿಸಿಲು ಸಾಲಲಿಲ್ಲ, ಬಿಸಿಲು ಸಾಲಲಿಲ್ಲ ಅಂತ ನನ್ನ ತಮ್ಮ ಜೀವಮಾನ ಪೂರ್ತಿ ಅತ್ತ. ಉಳದ ಅರ್ಧಾ ಅವಂಗ ಒಯ್ತೀನಿ. ಕಮ್ಮಿ ಬಿದ್ದ ಬಿಸಿಲು ಕಲ್ಯಾಣದಾಗ ಒಬ್ಬ ತಾಯಿ ತುಂಬಿಸಿ ಕೊಟ್ಟಾಳ ಅಂತ ಹೇಳ್ತೀನಿ."

ನಾ ಅದನ್ನ ಅತ್ತಿಗೆ ಹೇಳಿದೆ. ಆಕಿ ಸೆರಗು ತಲಿಮ್ಯಾಲ ಎಳಕೊಂಡು ಹೊರಗ ಬಂದ್ಲು. ಬಾಟ್ಲಿ ಎತ್ತಿ ಬೆಳಕಿಗೆ ಹಿಡದು, ಉಪ್ಪಿನಕಾಯಿ ಭರಣಿ ನೋಡೋ ಹಾಂಗ ತಿರುವಿ ತಿರುವಿ ನೋಡಿ, ಬೂಚು ಒತ್ತಿ ಕಂಕಳಾಗ ಇಟ್ಕೊಂಡ್ಲು.

"ಅವಸರ ಮಾಡಿದ್ರು ಅಂತ ಹೇಳ್ರಿ ಅವರಿಗೆ. ತಮ್ಮನ ಪಾಲು ಇಲ್ಲೇ ಇರಲಿ, ಇದಕ್ಕ ಇನ್ನೊಂದು ಬ್ಯಾಸಿಗಿ ಬೇಕು."